ಉಮ್ಮನಿಗೆ ನಿದ್ದೆ ಬರುತ್ತಿಲ್ಲ, ಮನೆಯವರಿಗೆ ಗೊತ್ತುಂಟಾ?

ಕಳೆದ ವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ ನಮ್ಮ ಮದ್ರಸದ ನಾಲ್ಕನೇ ಕ್ಲಾಸಿನ ಹುಡುಗನೊಬ್ಬ ದಿನಾ ತೂಕಡಿಸತೊಡಗಿದ. 'ಎಂತ ಮಾರಾಯ, ರಾತ್ರಿ ಮೊಬೈಲಾ?' ಅಂತ ಕೇಳಿದೆವು. 'ಅಲ್ಲ ಉಸ್ತಾದ್, ಉಮ್ಮ ರಾತ್ರಿ ಎದ್ದು ಲೈಟ್ ಹಾಕಿ ನಡೀತಾ ಇರ್ತಾರೆ. ನನಗೂ ಎಚ್ಚರ ಆಗ್ತದೆ' ಅಂದ. ಮಕ್ಕಳು ಹೇಳುವ ಮಾತು, ನಾವು ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ.

ಒಂದು ವಾರ ಕಳೆದ ಮೇಲೆ ಹುಡುಗನ ತಂದೆ ಬಂದರು. ಗಲ್ಫ್‌ನಿಂದ ರಜೆಯಲ್ಲಿ ಬಂದವರು. ಕೈಯಲ್ಲಿ ಒಂದು ನೀರಿನ ಬಾಟಲಿ. 'ಉಸ್ತಾದ್, ಸ್ವಲ್ಪ ಓದಿ ಊದಿ ಕೊಡಿ. ಮನೆಯವಳಿಗೆ ಎಂತದೋ ಆಗಿದೆ. ರಾತ್ರಿ ಎರಡು ಗಂಟೆಗೆ ಎದ್ದು ಸೆಖೆ ಸೆಖೆ ಅಂತ ಹಿತ್ತಿಲ ಬಾಗಿಲು ತೆಗೆಯುತ್ತಾಳೆ. ಹೊರಗೆ ಮಳೆ ಸುರಿಯುತ್ತಾ ಇರ್ತದೆ, ಅವಳಿಗೆ ಬೆವರು. ಎದೆ ಹೊಡೆದುಕೊಳ್ಳುತ್ತದೆ ಅಂತಾಳೆ. ಯಾರೋ ಏನೋ ಮಾಡಿಸಿದ್ದಾರೆ ಅಂತ ನಮ್ಮ ಉಮ್ಮ ಹೇಳ್ತಾರೆ.'

ನಾವು ಓದಿ ಊದಿ ಕೊಟ್ಟೆವು. ಹದಿನೈದು ದಿನಕ್ಕೆ ಇನ್ನೊಂದು ಬಾಟಲಿ. ಮತ್ತೆ ಇನ್ನೊಂದು. ಮೂರನೇ ಬಾಟಲಿಯ ರಾತ್ರಿ ಊಟಕ್ಕೆ ಕೂತಾಗ ಹೆಸರು ಹೇಳದೆ ಮನೆಯವರ ಹತ್ತಿರ ಈ ವಿಷಯ ತೆಗೆದೆವು. ಅವರು ಒಂದೇ ಪ್ರಶ್ನೆ ಕೇಳಿದರು: 'ಆ ಹೆಂಗಸಿಗೆ ವಯಸ್ಸು ಎಷ್ಟು?'

ನಾವು ಕೇಳಿಯೇ ಇರಲಿಲ್ಲ. 47, 48 ಇರಬಹುದು ಅಂದೆವು. 'ಹಾಗಾದರೆ ಅದು ಜಿನ್ನೂ ಅಲ್ಲ, ಸಿಹ್ರೂ ಅಲ್ಲ. ತಿಂಗಳಿನದ್ದು ನಿಲ್ಲುವ ವಯಸ್ಸು. ನಿಮ್ಮ ಅಕ್ಕನಿಗೆ ನಾಲ್ಕು ವರ್ಷದಿಂದ ಅದೇ ಪಾಡು. ನಿಮಗೆ ಯಾರೂ ಹೇಳಲಿಲ್ಲ ಅಷ್ಟೇ' ಅಂದರು. ಗಂಟಲಲ್ಲಿ ಅನ್ನ ಇಳಿಯಲಿಲ್ಲ.

ಅಕ್ಕ ಎರಡು ವರ್ಷದ ಹಿಂದೆ ಒಮ್ಮೆ 'ನಿದ್ದೆ ಬರುವುದಿಲ್ಲ ತಮ್ಮಾ' ಅಂದದ್ದು ಆಗ ನೆನಪಾಯಿತು. ನಾವು ಕೊಟ್ಟ ಉತ್ತರವೂ ನೆನಪಾಯಿತು. 'ಮಲಗುವಾಗ ದಿಕ್ರ್ ಹೆಚ್ಚು ಮಾಡು, ನಿದ್ದೆ ಬರದಿದ್ದರೆ ಎದ್ದು ನಮಾಝ್ ಮಾಡು, ಅಲ್ಲಾಹನು ಕೊಟ್ಟ ಅವಕಾಶ' ಅಂದಿದ್ದೆವು. ಮಾತು ತಪ್ಪಲ್ಲ. ಆದರೆ ಅವಳು ಕೇಳಿದ್ದು ಅದನ್ನಲ್ಲ.

ಈ ಪುಟದಲ್ಲಿ ಒಬ್ಬ ಉಸ್ತಾದ್ ಇಂಥ ವಿಷಯ ಬರೆಯಬೇಕಾ ಅಂತ ಕೆಲವರಿಗೆ ಅನ್ನಿಸಬಹುದು. ಮದ್ರಸದಲ್ಲಿ ಫಿಕ್‌ಹ್ ಕಿತಾಬು ತೆರೆದರೆ ಹೈಳ್‌ನ ಅಧ್ಯಾಯ ಬರುತ್ತದೆ. ಶಾಫಿಈ ಮದ್‌ಹಬ್‌ನಲ್ಲಿ ಅದು ಕಡಿಮೆ ಅಂದರೆ 24 ಗಂಟೆ, ಹೆಚ್ಚೆಂದರೆ 15 ದಿನ ಅಂತ ನಾವು ಕಲಿತಿದ್ದೇವೆ, ಕಲಿಸುತ್ತಿದ್ದೇವೆ. ಮುಟ್ಟು ನಿಂತ ಹೆಂಗಸಿನ ಇದ್ದತ್ ಮೂರು ತಿಂಗಳು ಅಂತ ಸೂರಾ ಅತ್ತಲಾಖ್‌ನಲ್ಲೇ ಇದೆ. ಅಲ್ಲಾಹನು ಖುರ್‌ಆನ್‌ನಲ್ಲಿ ಹೇಳಿದ ವಿಷಯವನ್ನು ನಾವು ನಾಚಿಕೆ ಅಂತ ಮುಚ್ಚಿಡುವುದು ಹೇಗೆ? ದೀನ್ ಕಲಿಯಲು ನಾಚಿಕೆ ಅಡ್ಡಿಯಾಗಲಿಲ್ಲ ಅಂತ ಅನ್ಸಾರಿ ಮಹಿಳೆಯರನ್ನು ಹಝ್ರತ್ ಆಯಿಶಾ(ರ) ಹೊಗಳಿದ್ದು ಮುಸ್ಲಿಂ ಹದೀಸ್ ಗ್ರಂಥದಲ್ಲಿದೆ. ನಮಗೆ ಲೆಕ್ಕ ಎಲ್ಲ ಗೊತ್ತಿತ್ತು. ಗೊತ್ತಿಲ್ಲದ್ದು, ಆ ವಯಸ್ಸಿನ ಹೆಂಗಸು ರಾತ್ರಿ ಹೇಗೆ ಕಳೆಯುತ್ತಾಳೆ ಎಂಬುದು.

ಆಮೇಲೆ ನಾವು ಪರಿಚಯದ ಒಬ್ಬರು ವೈದ್ಯರ ಹತ್ತಿರ ಕೂತು ಕೇಳಿ ತಿಳಿದುಕೊಂಡೆವು. ಮುಟ್ಟು ನಿಲ್ಲುವುದು ಅಂದರೆ ಸ್ವಿಚ್ ಆಫ್ ಮಾಡಿದ ಹಾಗಲ್ಲ. ಸತತ 12 ತಿಂಗಳು ಮುಟ್ಟಾಗದಿದ್ದರೆ ಮಾತ್ರ ನಿಂತಿತು ಅಂತ ಲೆಕ್ಕ. ನಮ್ಮ ದೇಶದ ಹೆಂಗಸರಲ್ಲಿ ಅದು ಸರಾಸರಿ 46, 47ರ ಆಸುಪಾಸಿನಲ್ಲಿ ಆಗುತ್ತದೆ. ಆದರೆ ಅದಕ್ಕೆ ಕೆಲವು ವರ್ಷ ಮೊದಲೇ ದೇಹದಲ್ಲಿ ಏರುಪೇರು ಶುರುವಾಗುತ್ತದೆ. ಈಸ್ಟ್ರೋಜನ್ ಎಂಬ ಹಾರ್ಮೋನು ಒಮ್ಮೆ ಏರಿ ಒಮ್ಮೆ ಇಳಿದು ಕೊನೆಗೆ ಕಡಿಮೆಯಾಗುತ್ತದೆ. ದೇಹದ ಬಿಸಿಯನ್ನು ಹತೋಟಿಯಲ್ಲಿಡುವ ಜಾಗ ಮೆದುಳಿನಲ್ಲಿ ಉಂಟು. ಈ ಹಾರ್ಮೋನು ಕಮ್ಮಿಯಾದಾಗ ಅದಕ್ಕೆ ತಾಳ್ಮೆ ಕಮ್ಮಿಯಾಗುತ್ತದೆ. ಸ್ವಲ್ಪ ಬಿಸಿಯಾದರೂ ಸಾಕು, ದೇಹ ಕಾದು ಹೋಗಿದೆ ಅಂತ ತಿಳಿದು ತಣಿಸಲು ಹೊರಡುತ್ತದೆ. ಎದೆ, ಕುತ್ತಿಗೆ, ಮುಖಕ್ಕೆ ಬಿಸಿ ನುಗ್ಗುತ್ತದೆ, ಬೆವರು ಹರಿಯುತ್ತದೆ, ಎದೆ ಡವಡವ ಅನ್ನುತ್ತದೆ. ಕೆಲವು ನಿಮಿಷದಲ್ಲಿ ಇಳಿಯುತ್ತದೆ. ಇಳಿದ ಮೇಲೆ ಬೆವರಿದ ಬಟ್ಟೆಯಲ್ಲಿ ಚಳಿ. ಹೊದಿಕೆ ಎಳೆದುಕೊಳ್ಳುತ್ತಾಳೆ. ಅಷ್ಟರಲ್ಲಿ ನಿದ್ದೆ ಹಾರಿ ಹೋಗಿರುತ್ತದೆ. ಒಂದು ರಾತ್ರಿಗೆ ಮೂರ್ನಾಲ್ಕು ಸಲ ಹೀಗಾದರೆ ಬೆಳಿಗ್ಗೆ ಆ ಹೆಂಗಸು ಯಾವ ಸ್ಥಿತಿಯಲ್ಲಿ ಏಳಬಹುದು?

ಪ್ರೊಜೆಸ್ಟರಾನ್ ಅಂತ ಇನ್ನೊಂದು ಹಾರ್ಮೋನು ಉಂಟು. ಅದಕ್ಕೆ ಮನಸ್ಸನ್ನು ಶಾಂತ ಮಾಡಿ ನಿದ್ದೆಗೆ ಇಳಿಸುವ ಗುಣ ಇದೆಯಂತೆ. ಅದೂ ಈ ಕಾಲದಲ್ಲಿ ಇಳಿಯುತ್ತದೆ. ಹಾಗಾಗಿ ಸೆಖೆ, ಬೆವರು ಏನೂ ಇಲ್ಲದೆಯೂ ಕೆಲವರಿಗೆ ಮೂರು ಗಂಟೆಗೆ ಸರಿಯಾಗಿ ಕಣ್ಣು ಬಿಡುತ್ತದೆ, ಮತ್ತೆ ಮುಚ್ಚುವುದಿಲ್ಲ. ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆಸಿಕೊಂಡವರಿಗೆ ಇದೆಲ್ಲ ನಿಧಾನಕ್ಕೆ ಅಲ್ಲ, ಆಪರೇಷನ್ ಆದ ಕೆಲವೇ ದಿನಗಳಲ್ಲಿ ಬರುತ್ತದೆ. ನಮ್ಮ ಊರುಗಳಲ್ಲಿ ನಲ್ವತ್ತಕ್ಕೂ ಮೊದಲೇ ಹೀಗೆ ತೆಗೆಸಿಕೊಂಡವರು ಇದ್ದಾರೆ. ಅವರ ವಯಸ್ಸು ನೋಡಿ 'ಇವಳಿಗೆ ಈಗಲೇ ಎಂತ?' ಅನ್ನಬಾರದು.

'ಎಲ್ಲರಿಗೂ ಆಗುವುದೇ, ಎರಡು ತಿಂಗಳಲ್ಲಿ ಸರಿಯಾಗ್ತದೆ' ಅನ್ನುವವರು ಇನ್ನೊಂದು ವಿಷಯ ಕೇಳಬೇಕು. ಅಮೆರಿಕದಲ್ಲಿ ಬಹಳ ಮಂದಿ ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿದ ಒಂದು ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಈ ಬಿಸಿ ಮತ್ತು ಬೆವರು ಪದೇ ಪದೇ ಬರುವ ಹೆಂಗಸರಲ್ಲಿ ಅರ್ಧಕ್ಕರ್ಧ ಜನಕ್ಕೆ ಅದು ಏಳು ವರ್ಷಕ್ಕೂ ಹೆಚ್ಚು ಕಾಲ ಇತ್ತು ಅಂತ ಅದರಲ್ಲಿ ಕಂಡುಬಂತು. ಏಳು ವರ್ಷ ಅಂದರೆ ಮದ್ರಸದ ಒಂದನೇ ಕ್ಲಾಸಿಗೆ ಸೇರಿದ ಮಗು ಏಳನೇ ಕ್ಲಾಸ್ ಮುಗಿಸುವಷ್ಟು ಕಾಲ.

ಇನ್ನು ನಮ್ಮ ಮನೆಗಳ ರಾತ್ರಿಯನ್ನು ನೋಡಿ. ಇಶಾ ಮುಗಿದು ಎಂಟೂವರೆ, ಒಂಬತ್ತು ಆಗುತ್ತದೆ. ಮಕ್ಕಳ ಊಟ ಒಂದು ಹೊತ್ತಿಗೆ, ಮುದುಕರದ್ದು ಒಂದು ಹೊತ್ತಿಗೆ. ಅಂಗಡಿ ಮುಚ್ಚಿ ಮಗ ಬರುವಾಗ ಹನ್ನೊಂದೂವರೆ. ಅವನಿಗೆ ತಣ್ಣಗಿನ ಸಾರು ಆಗುವುದಿಲ್ಲ, ಅಕ್ಕಿ ರೊಟ್ಟಿ ಬಿಸಿ ಬೇಕು. ಗಂಡ ಸೌದಿಯಲ್ಲಿ. ಅಲ್ಲಿಗೂ ಇಲ್ಲಿಗೂ ಎರಡೂವರೆ ಗಂಟೆ ವ್ಯತ್ಯಾಸ. ಅವರು ಕೆಲಸ ಮುಗಿಸಿ, ಸ್ನಾನ ಮಾಡಿ, ಉಂಡು ಹತ್ತು ಗಂಟೆಗೆ ಫೋನ್ ಮಾಡಿದರೆ ಇಲ್ಲಿ ಹನ್ನೆರಡೂವರೆ. ಫೋನ್ ಎತ್ತದಿದ್ದರೆ ಬೇಸರ, ಆಕಳಿಸಿದರೆ ಅದಕ್ಕೂ ಬೇಸರ. ಹೊರದೇಶದಲ್ಲಿ ದುಡಿಯುವವರ ಒಂಟಿತನ ನಮಗೆ ಗೊತ್ತು, ಅದನ್ನು ಹಗುರ ಮಾಡುವುದಿಲ್ಲ. ಆದರೆ ಒಂದು ಗಂಟೆಗೆ ಮಲಗಿ, ಎರಡೂವರೆಗೆ ಬೆವರಿ ಎದ್ದು, ನಾಲ್ಕಕ್ಕೆ ಹೇಗೋ ಕಣ್ಣು ಹತ್ತಿ, ಐದಕ್ಕೆ ಸುಬ್‌ಹಿಗೆ ಎದ್ದು, ಏಳಕ್ಕೆ ಮಗುವನ್ನು ಮದ್ರಸಕ್ಕೆ ಕಳುಹಿಸುವವಳ ಲೆಕ್ಕವನ್ನೂ ಹಾಕಬೇಕಲ್ಲ. ಮಗಳು ಹೆರಿಗೆಗೆ ಬಂದಿದ್ದರೆ 40 ದಿನದ ಬಾಣಂತನವೂ ಅವಳದ್ದೇ, ಅಳುವ ಮಗುವೂ ಅವಳ ಮಡಿಲಲ್ಲೇ. ರಮಝಾನ್‌ನಲ್ಲಿ ಸಹರಿಗೆ ಮನೆಯಲ್ಲಿ ಮೊದಲು ಏಳುವವಳೂ ಅವಳೇ.

ಇಶಾಕ್ಕಿಂತ ಮೊದಲು ಮಲಗುವುದನ್ನೂ ಇಶಾದ ನಂತರ ಹರಟೆ ಹೊಡೆಯುವುದನ್ನೂ ಪ್ರವಾದಿ(ಸ) ಇಷ್ಟಪಡುತ್ತಿರಲಿಲ್ಲ ಅಂತ ಬುಖಾರಿಯಲ್ಲಿದೆ. ಈ ಹದೀಸನ್ನು ನಾವು ಮಕ್ಕಳಿಗೆ ಮೊಬೈಲ್ ಬಿಡಿಸಲು ಹೇಳುತ್ತೇವೆ. ದೊಡ್ಡವರಿಗೆ ಹೇಳುವುದಿಲ್ಲ. ಪ್ರವಾದಿಯವರು(ಸ) ಮನೆಯಲ್ಲಿ ಏನು ಮಾಡುತ್ತಿದ್ದರು ಅಂತ ಕೇಳಿದಾಗ ಮನೆಯವರ ಕೆಲಸದಲ್ಲಿ ಸೇರಿಕೊಳ್ಳುತ್ತಿದ್ದರು ಅಂತ ಆಯಿಶಾ(ರ) ಉತ್ತರಿಸಿದರು. ಹನ್ನೊಂದೂವರೆಗೆ ಬರುವ ಇಪ್ಪತ್ತೈದು ವರ್ಷದ ಮಗನಿಗೆ ಗ್ಯಾಸ್ ಹಚ್ಚಿ ಸಾರು ಬಿಸಿ ಮಾಡಲು ಬರುವುದಿಲ್ಲವಾ? ಬಾರದಿದ್ದರೆ ಕಲಿಯಲಿ.

ನಮಗೆ ಹೆಚ್ಚು ನೋವಾದದ್ದು ಅಕ್ಕ ಹೇಳಿದ ಒಂದು ಮಾತಿನಿಂದ. ಮೊನ್ನೆ ಕೂತು ಮಾತಾಡುವಾಗ ಹೇಳಿದಳು. ರಾತ್ರಿಯೆಲ್ಲ ಎಚ್ಚರ ಇದ್ದು ಬೆಳಗಿನ ಜಾವ ನಿದ್ದೆ ಹತ್ತಿ ಒಂದೆರಡು ಸಲ ಸುಬ್‌ಹಿ ತಪ್ಪಿತಂತೆ. ಅಂದಿನಿಂದ ಅವಳಿಗೆ ಹೆದರಿಕೆ. ಮಲಗಿದರೆ ಮತ್ತೆ ತಪ್ಪುತ್ತದೆ ಅಂತ ಮೂರು ಗಂಟೆಯ ಮೇಲೆ ಮಲಗುವುದೇ ಇಲ್ಲ, ಕುರ್ಚಿಯಲ್ಲಿ ಕೂತು ಬಾಂಗಿಗೆ ಕಾಯುತ್ತಾಳೆ. 'ನನ್ನ ಈಮಾನ್ ಕಮ್ಮಿಯಾಯಿತಾ ಅಂತ ಅನ್ನಿಸ್ತದೆ' ಅಂದಳು. ದಿಕ್ರ್ ಹೆಚ್ಚು ಮಾಡು ಅಂತ ಎರಡು ವರ್ಷದ ಹಿಂದೆ ನಾವು ಹೇಳಿದ್ದು ಅವಳ ಕಿವಿಗೆ ಹೇಗೆ ಕೇಳಿಸಿರಬೇಕು ಅಂತ ಆಗ ಗೊತ್ತಾಯಿತು.

ನಿದ್ದೆಯಲ್ಲಿದ್ದು ನಮಾಝ್ ತಪ್ಪಿದವರು ಎಚ್ಚರವಾದಾಗ ಅದನ್ನು ನಿರ್ವಹಿಸಲಿ ಅಂತ ಪ್ರವಾದಿ(ಸ) ಹೇಳಿದ್ದಾರೆ. ಇದು ಉದಾಸೀನಕ್ಕೆ ಪರವಾನಗಿ ಅಲ್ಲ. ಅಲಾರಂ ಇಡಬೇಕು, ಅದಕ್ಕಿಂತ ಮುಖ್ಯ, ಮನೆಯ ಇನ್ನೊಬ್ಬರು ಎಬ್ಬಿಸುವ ಹೊಣೆ ಹೊರಬೇಕು. ಇಷ್ಟು ವರ್ಷ ಮನೆಯವರನ್ನೆಲ್ಲ ಸುಬ್‌ಹಿಗೆ ಎಬ್ಬಿಸಿದವಳನ್ನು ಈಗ ಮಗ ಎಬ್ಬಿಸಲಿ. ಹಾಗೆ ಮಾಡಿದರೆ ಅವಳು ಧೈರ್ಯದಲ್ಲಿ ಮಲಗಬಹುದು.

ತಹಜ್ಜುದ್ ವಿಷಯದಲ್ಲೂ ಒಂದು ಮಾತು. ನಿದ್ದೆ ಹೋದವರಿಗೆ 'ತಹಜ್ಜುದ್ ಮಾಡಿ' ಅಂತ ನಾವು ಸುಲಭದಲ್ಲಿ ಹೇಳಿಬಿಡುತ್ತೇವೆ. ತಹಜ್ಜುದ್ ಅಂದರೆ ಮಲಗಿ ಎದ್ದು ಮಾಡುವ ನಮಾಝ್ ಅಂತ ನಮ್ಮ ಕಿತಾಬುಗಳೇ ಹೇಳುತ್ತವೆ. ಪ್ರವಾದಿ(ಸ) ಒಮ್ಮೆ ಮಸೀದಿಗೆ ಬಂದಾಗ ಎರಡು ಕಂಬಗಳ ನಡುವೆ ಹಗ್ಗ ಕಟ್ಟಿರುವುದನ್ನು ಕಂಡರು. ಎಂಥದ್ದು ಅಂತ ಕೇಳಿದರೆ, ಝೈನಬ್‌ರದ್ದು(ರ), ನಮಾಝ್ ಮಾಡಿ ಸುಸ್ತಾದಾಗ ಹಿಡಿದುಕೊಳ್ಳಲು ಅಂದರು. ಪ್ರವಾದಿ(ಸ) ಅದನ್ನು ಬಿಚ್ಚಲು ಹೇಳಿದರು. ಉತ್ಸಾಹ ಇರುವಷ್ಟು ಹೊತ್ತು ನಮಾಝ್ ಮಾಡಲಿ, ಸುಸ್ತಾದರೆ ಕೂರಲಿ ಎಂಬುದು ಅವರ ತೀರ್ಪು. ಬುಖಾರಿ, ಮುಸ್ಲಿಂ ಎರಡರಲ್ಲೂ ಇದೆ. ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝ್ ಮಾಡುತ್ತಿದ್ದ ಅಬ್ದುಲ್ಲಾಹಿಬ್ನು ಅಮ್ರ್‌ರಿಗೆ(ರ), ನಿನ್ನ ದೇಹಕ್ಕೂ ನಿನ್ನ ಕಣ್ಣಿಗೂ ನಿನ್ನ ಮೇಲೆ ಹಕ್ಕು ಉಂಟು ಅಂತ ತಿಳಿಹೇಳಿದ್ದೂ ಅವರೇ. ಎಚ್ಚರವಾದ ಹೊತ್ತಿನಲ್ಲಿ ಎರಡು ರಕ್‌ಅತ್ ಮಾಡಿ ಮನಸ್ಸು ಹಗುರ ಮಾಡಿಕೊಳ್ಳುವುದು ಒಳ್ಳೆಯದೇ. ಆದರೆ ನಿದ್ದೆ ಬರುವಾಗ ಮಲಗುವುದು ಸೋಲಲ್ಲ.

ಈಗ ಬಾಟಲಿಯ ವಿಷಯಕ್ಕೆ ಬರುವ. ಖುರ್‌ಆನ್ ಓದುವುದರಲ್ಲಿ, ದುಆದಲ್ಲಿ ಶಿಫಾ ಇದೆ, ಅದರಲ್ಲಿ ನಮಗೆ ಸಂಶಯ ಇಲ್ಲ. ಮದ್ದು ಮಾಡಿ, ಅಲ್ಲಾಹನು ರೋಗಕ್ಕೆ ಮದ್ದನ್ನೂ ಇಟ್ಟಿದ್ದಾನೆ ಅಂತ ಹೇಳಿದ್ದೂ ಅದೇ ಪ್ರವಾದಿ(ಸ). ಎರಡನ್ನೂ ಒಟ್ಟಿಗೆ ಹಿಡಿಯಬೇಕು. ನಮ್ಮಲ್ಲಿ ನಡೆಯುವುದು ಹಾಗಲ್ಲ. ಮೊದಲು ಉಸ್ತಾದ್, ಆಮೇಲೆ ದೂರದ ಊರಿನ ಯಾರೋ, ಅಲ್ಲಿ ನೂಲು, ತಗಡು, ಸಾವಿರಗಟ್ಟಲೆ ದುಡ್ಡು. ಅದರ ಜೊತೆ 'ನೆರೆಮನೆಯವರು ಮಾಡಿಸಿದ್ದು' ಎಂಬ ಮಾತೂ ಬಂದರೆ ಎರಡು ಮನೆಗಳ ಸಂಬಂಧವೇ ಮುರಿಯುತ್ತದೆ. ವೈದ್ಯರ ಹತ್ತಿರ ಹೋಗುವಾಗ ವರ್ಷ ಕಳೆದಿರುತ್ತದೆ. ಈಗ ನಾವು ಒಂದು ಕ್ರಮ ಮಾಡಿಕೊಂಡಿದ್ದೇವೆ: ನಲ್ವತ್ತು ದಾಟಿದ ಹೆಂಗಸಿಗೆ ನಿದ್ದೆಯಿಲ್ಲ, ಎದೆ ಹೊಡೆದುಕೊಳ್ಳುತ್ತದೆ ಅಂತ ಬಾಟಲಿ ತಂದರೆ, 'ಡಾಕ್ಟರ್ ಹತ್ತಿರ ಹೋಗಿ ಬಂದಿರಾ?' ಎಂಬುದು ಮೊದಲ ಪ್ರಶ್ನೆ. ಚೀಟಿ ತೋರಿಸಿದರೆ ಸಂತೋಷದಿಂದ ಓದಿ ಕೊಡುತ್ತೇವೆ. ಎದೆ ನೋವು, ಉಸಿರು ಕಟ್ಟುವುದು ಇದ್ದರೆ ಚೀಟಿಗೂ ಕಾಯುವುದಿಲ್ಲ, ನೇರ ಆಸ್ಪತ್ರೆಗೆ ಕಳುಹಿಸುತ್ತೇವೆ. ಬೇರೆ ಉಸ್ತಾದರೂ, ಖತೀಬರೂ ಹೀಗೆ ಮಾಡಿದರೆ ಒಳ್ಳೆಯದಿತ್ತು.

ಇದಕ್ಕಿಂತ ಅಪಾಯದ ದಾರಿ ಇನ್ನೊಂದು ಉಂಟು. ಮೆಡಿಕಲ್‌ನಿಂದ ಚೀಟಿ ಇಲ್ಲದೆ ತರುವ ನಿದ್ದೆ ಮಾತ್ರೆ. ಅತ್ತೆಗೆ ಕೊಟ್ಟದ್ದನ್ನು ಸೊಸೆ ನುಂಗುವುದು, ಪಕ್ಕದ ಮನೆಯವರು ಅರ್ಧ ಮಾತ್ರೆ ಕೊಡುವುದು. ಅಂಥ ಮಾತ್ರೆಗಳಲ್ಲಿ ಹಲವು ಕೆಲವೇ ವಾರಗಳಲ್ಲಿ ಅಭ್ಯಾಸವಾಗಿ ಬಿಡುತ್ತವೆ, ಮತ್ತೆ ಬಿಡಿಸುವುದು ಕಷ್ಟ. ರಾತ್ರಿ ಅಮಲಿನಲ್ಲಿ ಬಾತ್‌ರೂಮಿಗೆ ಎದ್ದವಳು ಜಾರಿ ಬಿದ್ದರೆ ಮೂಳೆ ಮುರಿಯುತ್ತದೆ. ಯಾಕೆಂದರೆ ಮುಟ್ಟು ನಿಂತ ಮೇಲೆ ಮೂಳೆಯೂ ಸವೆಯುತ್ತದೆ.

ಹೋಗಬೇಕಾದ್ದು ಹೆಂಗಸರ ವೈದ್ಯರ ಹತ್ತಿರ. ಮಂಗಳೂರಿನಲ್ಲಿ ಸರಕಾರಿ ಲೇಡಿಗೋಷನ್ ಆಸ್ಪತ್ರೆ ಉಂಟು, ತಾಲೂಕು ಆಸ್ಪತ್ರೆಗಳೂ ಇವೆ. ಲೇಡಿ ಡಾಕ್ಟರೇ ಬೇಕು ಅಂತ ಕೇಳಿಕೊಳ್ಳಬಹುದು. ಹೋದಾಗ 'ಸ್ವಲ್ಪ ತಲೆನೋವು' ಅಂತ ಹೇಳಿ ಬರಬಾರದು. ರಾತ್ರಿ ಎಷ್ಟು ಸಲ ಎಚ್ಚರ, ಬೆವರು ಬರುತ್ತದಾ, ಎಷ್ಟು ಸಲ ಮೂತ್ರಕ್ಕೆ ಏಳುತ್ತೀರಿ, ತಿಂಗಳಿನದ್ದು ಕೊನೆಗೆ ಯಾವಾಗ, ಇದನ್ನು ಎರಡು ವಾರ ಒಂದು ಕಾಗದದಲ್ಲಿ ಬರೆದಿಟ್ಟು ತೋರಿಸಬೇಕು. ಎಲ್ಲವನ್ನೂ ಈ ವಯಸ್ಸಿನ ಮೇಲೆ ಹಾಕುವಂತೆಯೂ ಇಲ್ಲ. ಥೈರಾಯ್ಡ್ ಏರುಪೇರಿನಲ್ಲೂ ಬೆವರು, ಎದೆಬಡಿತ ಬರುತ್ತದೆ. ಸಕ್ಕರೆ ಕಾಯಿಲೆ ರಾತ್ರಿ ಮೂತ್ರಕ್ಕೆ ಎಬ್ಬಿಸುತ್ತದೆ. ಮುಟ್ಟು ನಿಲ್ಲುವ ಮೊದಲು ಕೆಲವರಿಗೆ ಬಹಳ ರಕ್ತ ಹೋಗಿ ಕಬ್ಬಿಣಾಂಶ ಇಳಿದಿರುತ್ತದೆ, ಅಂಥವರಿಗೆ ಮಲಗಿದ ಕೂಡಲೇ ಕಾಲಿನಲ್ಲಿ ಹರಿದಾಡಿದ ಹಾಗೆ ಆಗಿ ಕಾಲು ಅಲ್ಲಾಡಿಸದೆ ಇರಲಾಗುವುದಿಲ್ಲ. ಈ ವಯಸ್ಸಿನ ನಂತರ ಗೊರಕೆ, ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವುದು ಹೆಂಗಸರಲ್ಲೂ ಹೆಚ್ಚಾಗುತ್ತದೆ. ಪಕ್ಕದಲ್ಲಿ ಮಲಗಿದವರು ಅದನ್ನು ಗಮನಿಸಿ ಹೇಳಬೇಕು, ನಗಬಾರದು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ತಡ ಮಾಡದೆ ತೋರಿಸಬೇಕು. ಆಗ ನಮಾಝ್‌ನ ಮಸ್‌ಅಲ ಉಸ್ತಾದರ ಹತ್ತಿರ ಕೇಳಿ, ಕಾರಣವನ್ನು ಡಾಕ್ಟರ್ ಹತ್ತಿರ ಕೇಳಿ.

ಬಿಸಿ, ಬೆವರು ಜೋರಾಗಿದ್ದರೆ ಹಾರ್ಮೋನು ಚಿಕಿತ್ಸೆ ಉಂಟು. 2002ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನದ ನಂತರ ಸ್ತನ ಕ್ಯಾನ್ಸರಿನ ಹೆದರಿಕೆಯಿಂದ ಅದನ್ನು ಎಲ್ಲರೂ ದೂರ ಇಟ್ಟರು. 60 ದಾಟದ, ಮುಟ್ಟು ನಿಂತು 10 ವರ್ಷ ಆಗದ, ಬೇರೆ ತೊಂದರೆ ಇಲ್ಲದ ಹೆಂಗಸರಲ್ಲಿ ಹೆಚ್ಚಿನವರಿಗೆ ಅದರಿಂದ ಅಪಾಯಕ್ಕಿಂತ ಪ್ರಯೋಜನವೇ ಹೆಚ್ಚು ಅಂತ ಈಗ ವೈದ್ಯರು ಹೇಳುತ್ತಾರೆ. ಸ್ತನ ಕ್ಯಾನ್ಸರ್ ಆದವರಿಗೆ, ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ ಅದು ಆಗುವುದಿಲ್ಲ, ಅಂಥವರಿಗೆ ಬೇರೆ ಮದ್ದುಗಳಿವೆ. ಯಾರಿಗೆ ಯಾವುದು ಅಂತ ತೀರ್ಮಾನಿಸುವುದು ಡಾಕ್ಟರ ಕೆಲಸ. ನೆರೆಮನೆಯವರದ್ದಲ್ಲ, ನಮ್ಮದೂ ಅಲ್ಲ.

ಮನೆಯಲ್ಲೇ ಮಾಡಬಹುದಾದ್ದನ್ನು ಅಕ್ಕ ಮಾಡುತ್ತಿದ್ದಾಳೆ. ಅಸರ್ ನಂತರ ಚಹಾ ಇಲ್ಲ, ಅದು ಅವಳಿಗೆ ಎಲ್ಲಕ್ಕಿಂತ ಕಷ್ಟ ಆಯಿತು. ಪಾಲಿಯೆಸ್ಟರ್ ನೈಟಿ ಬಿಟ್ಟು ಹತ್ತಿಯದ್ದು. ಹಳೆಯ ಹಂಚಿನ ಮನೆಯಲ್ಲಿ ರಾತ್ರಿ ಗಾಳಿಯಾಡುತ್ತಿತ್ತು, ಈಗಿನ ತಾರಸಿ ಹಗಲಿನ ಬಿಸಿಲನ್ನೆಲ್ಲ ಹಿಡಿದಿಟ್ಟು ರಾತ್ರಿ ಬಿಡುತ್ತದೆ, ಹಾಗಾಗಿ ಮೇಲಿನ ಕೋಣೆ ಬಿಟ್ಟು ಕೆಳಗೆ ಮಲಗುತ್ತಾಳೆ. ನಿದ್ದೆ ಬರದಿದ್ದರೆ ಸುಮಾರು ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಹೊರಳಾಡದೆ ಎದ್ದು ಚಾವಡಿಯಲ್ಲಿ ಮಂದ ಬೆಳಕಿನಲ್ಲಿ ಕೂತು, ಕಣ್ಣು ಎಳೆದಾಗ ಮತ್ತೆ ಹೋಗಿ ಮಲಗುತ್ತಾಳೆ. ಗಡಿಯಾರ ನೋಡುವುದಿಲ್ಲ. ಮಧ್ಯಾಹ್ನದ ಖೈಲೂಲ ಅರ್ಧ ಗಂಟೆ, ಅಷ್ಟೇ. ಫ್ಯಾನಿನ ಜಗಳ ಮಾತ್ರ ಇನ್ನೂ ಮುಗಿದಿಲ್ಲ. ಭಾವನಿಗೆ ಐದರಲ್ಲಿ ಇಟ್ಟರೆ ಶೀತ, ಅವಳಿಗೆ ಮೂರರಲ್ಲಿ ಇಟ್ಟರೆ ಉಸಿರು ಕಟ್ಟುತ್ತದೆ. ಭಾವ ಎರಡು ಕಂಬಳಿ ಹೊದೆಯಲಿ ಅಂತ ನಾವು ತೀರ್ಪು ಕೊಟ್ಟಿದ್ದೇವೆ.

ಬಾಟಲಿ ತಂದವರ ಮನೆಯಲ್ಲಿ ಡಾಕ್ಟರಿಗೆ ತೋರಿಸಿದರು. ರಕ್ತ ಬಹಳ ಕಡಿಮೆ ಇತ್ತಂತೆ, ಅದಕ್ಕೂ ಮದ್ದು ನಡೆಯುತ್ತಿದೆ. ಪೂರ್ತಿ ಗುಣ ಅಂತ ಹೇಳಲಾರೆವು, ವಾರದಲ್ಲಿ ಒಂದೆರಡು ರಾತ್ರಿ ಈಗಲೂ ಹಾಗೇ ಅಂತೆ. ಅವರು ಮತ್ತೆ ಗಲ್ಫ್‌ಗೆ ಹೋಗಿದ್ದಾರೆ. ಫೋನ್ ಈಗ ಅಲ್ಲಿಯ ಸಂಜೆ ಆರೂವರೆಗೆ, ಇಲ್ಲಿಯ ಒಂಬತ್ತಕ್ಕೆ ಬರುತ್ತದೆ. ಕೆಲಸದ ನಡುವೆ ಹೊರಗೆ ಬಂದು ಮಾಡುತ್ತಾರಂತೆ, ಹತ್ತೇ ನಿಮಿಷ. ಹುಡುಗನ ತೂಕಡಿಕೆ ಕಮ್ಮಿಯಾಗಿದೆ, ಪಾಠ ಮಾತ್ರ ಮೊದಲಿನ ಹಾಗೇ ಮರೆಯುತ್ತಾನೆ.

ಮುಂದಿನ ತಿಂಗಳು ನಮ್ಮ ಮದ್ರಸದಲ್ಲಿ ಒಂದು ಆದಿತ್ಯವಾರ ಲುಹರ್ ನಂತರ ಹೆಂಗಸರಿಗೆ ಮಾತ್ರ ಒಂದು ಕ್ಲಾಸ್ ಇಡುವ ಅಂತ ಕಮಿಟಿಯವರ ಹತ್ತಿರ ಮಾತಾಡಿದ್ದೇವೆ. ಒಬ್ಬರು ಲೇಡಿ ಡಾಕ್ಟರ್ ಬಂದು ಮಾತಾಡಲು ಒಪ್ಪಿದ್ದಾರೆ. ಆ ಎರಡು ಗಂಟೆ ಮಕ್ಕಳನ್ನೂ ಅಡಿಗೆಯನ್ನೂ ನೋಡಿಕೊಳ್ಳುವುದು ಗಂಡಸರ ಪಾಲಿಗೆ. ಕಮಿಟಿಯಲ್ಲಿ ಒಬ್ಬ ಹಿರಿಯರು 'ಇದೆಲ್ಲ ಮದ್ರಸದಲ್ಲಿ ಬೇಕಾ?' ಅಂತ ಕೇಳಿದರು. ಅವರ ಮನೆಯಿಂದ ಮೂರು ಹೆಸರು ಬಂದಿದೆ.